ಹಳೆ ಜೀಪಿನ ಟ್ರಾನ್ಸ್‌ಫರ್ ಕೇಸ್: ಮನೆಯಲ್ಲೇ ಬಿಚ್ಚಬಹುದಾ?

ಪ್ರಶ್ನೆ: ತೋಟದ ಕೆಲಸಕ್ಕೆ ಹಳೆಯ ಮಹೀಂದ್ರಾ ಸಿಜೆ3ಬಿ ಜೀಪ್ ಇದೆ. ಗೇರ್ ಬಾಕ್ಸ್‌ನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್‌ನಿಂದ ಆಯಿಲ್ ಸೋರುತ್ತದೆ. ಸೀಲ್ ಬದಲಾಯಿಸಿದರೂ ನಿಂತಿಲ್ಲ. ಏರು ಹತ್ತುವಾಗ ಲೋ ಗೇರ್ ತಾನಾಗಿ ಕಳಚಿಕೊಳ್ಳುತ್ತದೆ. ಮನೆಯಲ್ಲೇ ರಿಪೇರಿ ಮಾಡಬಹುದಾ?
– ಓದುಗರು, ಸಕಲೇಶಪುರ

ಉತ್ತರ: ಮಾಡಬಹುದು. ನಿಮ್ಮದರಲ್ಲಿರುವುದು ಸ್ಪೈಸರ್ 18 ಎಂಬ ಮಾದರಿಯ ಟ್ರಾನ್ಸ್‌ಫರ್ ಕೇಸ್. ಒಳಗೆ ಚೈನ್ ಇಲ್ಲ, ಬರೀ ಗೇರುಗಳು.

ಮೊದಲು ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ಈ ಜೀಪಿನ ಹ್ಯಾಂಡ್ ಬ್ರೇಕ್ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸ್‌ನ ಹಿಂಬದಿಯಲ್ಲೇ. ಇಲ್ಲಿಂದ ಚಕ್ರಗಳ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಬಿಚ್ಚಿದ ಮೇಲೆ ಹ್ಯಾಂಡ್ ಬ್ರೇಕೂ ಹಿಡಿಯುವುದಿಲ್ಲ, ಗೇರೂ ಹಿಡಿಯುವುದಿಲ್ಲ. ಇಳಿಜಾರಿನ ಅಂಗಳದಲ್ಲಂತೂ ಈ ಕೆಲಸ ಬೇಡ.

ಇನ್ನು ಸೋರಿಕೆ. ಸೀಲ್ ಉಜ್ಜುವ ಜಾಗದಲ್ಲಿ ಯೋಕ್ (ಪ್ರೊಪೆಲ್ಲರ್ ಶಾಫ್ಟ್ ಸೇರುವ ಕವಲು ತುಂಡು) ಮೇಲೆ ಬೆರಳಾಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಸುಮ್ನೆ ದುಡ್ಡು ದಂಡ. ಯೋಕ್ ಬದಲಾಯಿಸಿ, ಇಲ್ಲವೇ ಅದರ ಮೇಲೆ ತೆಳು ಸ್ಲೀವ್ ಕೂರಿಸಿ. ಕೇಸಿನೊಳಗೆ ನಡುವಿನ ಗೇರನ್ನು ಹೊರುವ ಇಂಟರ್‌ಮೀಡಿಯೆಟ್ ಶಾಫ್ಟ್‌ನ ಹಿಂದಿನ ತುದಿಯನ್ನೂ ನೋಡಿ. ಅದು ಕೂರುವ ಕೇಸಿನ ರಂಧ್ರ ಸವೆದರೆ ಅಲ್ಲಿಂದಲೂ ಆಯಿಲ್ ಜಿನುಗುತ್ತದೆ, ನಾವು ಸೀಲನ್ನು ಬೈಯುತ್ತೇವೆ.

ನನ್ನ ಪ್ರಕಾರ ಈ ಕೇಸ್‌ನಲ್ಲಿ ಮೊದಲು ಅನುಮಾನಿಸಬೇಕಾದ್ದು ಈ ಶಾಫ್ಟನ್ನೇ. ಕೆಳಗಿನ ಮುಚ್ಚಳ ಬಿಚ್ಚಿ, ಹಿಂದಿನ ಲಾಕ್ ಪ್ಲೇಟ್ ತೆಗೆದು, ಹಿತ್ತಾಳೆ ಸರಳಿಟ್ಟು ಹಿಂದಕ್ಕೆ ಹೊಡೆದರೆ ಶಾಫ್ಟ್ ಹೊರಬರುತ್ತದೆ. ಗೇರನ್ನು ಕೆಳಗಿನಿಂದ ಕೈಗೆ ತೆಗೆದುಕೊಳ್ಳಿ. ಸೂಜಿ ಬೇರಿಂಗ್ ಓಡುವ ಜಾಗದಲ್ಲಿ ಗುಳಿ ಬಿದ್ದಿದ್ದರೆ ಶಾಫ್ಟ್, ಬೇರಿಂಗ್, ಗೇರಿನ ಪಕ್ಕದ ಥ್ರಸ್ಟ್ ವಾಷರ್ ಮೂರನ್ನೂ ಒಟ್ಟಿಗೆ ಬದಲಾಯಿಸಿ. ತರುವ ಮುಂಚೆ ಹಳೆ ಶಾಫ್ಟ್‌ನ ದಪ್ಪ ಅಳೆಯಿರಿ. ಬೇರೆ ಬೇರೆ ಕಾಲದ ಕೇಸ್‌ಗಳಲ್ಲಿ ಅದು ಬೇರೆ ಬೇರೆ. ಜೋಡಿಸುವಾಗ ಸೂಜಿಗಳನ್ನು ಗ್ರೀಸ್‌ನಲ್ಲಿ ಅಂಟಿಸಿ, ಗೇರಿನಷ್ಟೇ ಉದ್ದದ ತುಂಡು ಸರಳಿನ ಮೇಲೆ ಕೂರಿಸಿ ಒಳಗಿಡಿ. ಹೊಸ ಶಾಫ್ಟ್ ಆ ಸರಳನ್ನು ತಳ್ಳುತ್ತಾ ಬರುತ್ತದೆ. ವಾಷರ್‌ನ ಕಿವಿ ಕೇಸಿನ ಕಚ್ಚಿಗೆ ಕೂತಿದೆಯಾ, ನೋಡಿಕೊಳ್ಳಿ.

ಗೇರ್ ಕಳಚುವುದಕ್ಕೆ ಸವೆದ ಹಲ್ಲು, ಗೇರನ್ನು ಸರಿಸುವ ಫೋರ್ಕ್ ಸವೆದದ್ದು, ಲಿವರ್ ರಾಡನ್ನು ಜಾಗದಲ್ಲಿ ಹಿಡಿಯುವ ಸ್ಪ್ರಿಂಗ್ ಸೋತದ್ದು, ಔಟ್‌ಪುಟ್ ಶಾಫ್ಟ್‌ನ ಜಾಸ್ತಿ ಪ್ಲೇ (ಹಿಂದೆ ಮುಂದೆ ಆಡುವ ಸಡಿಲ), ಯಾವುದಾದರೂ ಕಾರಣ ಇರಬಹುದು. ಲಿವರ್ ರಾಡ್ ಎಳೆಯುವಾಗ ಬಟ್ಟೆ ಅಡ್ಡ ಹಿಡಿಯಿರಿ, ಸ್ಪ್ರಿಂಗ್ ಒತ್ತಿ ಹಿಡಿದ ಉಕ್ಕಿನ ಗುಂಡು ಚಿಮ್ಮುತ್ತದೆ. ಎರಡು ರಾಡ್‌ಗಳ ನಡುವಿನ ಚಿಕ್ಕ ಇಂಟರ್‌ಲಾಕ್ (ಒಂದಕ್ಕೊಂದು ತಡೆಯೊಡ್ಡುವ) ತುಂಡನ್ನು ಮಾತ್ರ ಕಳೆಯಬೇಡಿ. ಪ್ಲೇಯನ್ನು ಹಿಂದಿನ ಕ್ಯಾಪ್‌ನ ಶಿಮ್‌ಗಳಿಂದ (ತೆಳು ತಗಡುಗಳಿಂದ) 0.10ರಿಂದ 0.20 ಮಿ.ಮೀ. ಒಳಗೆ ತರಬೇಕು. ಇದಕ್ಕೆ ಮುಳ್ಳಿನಿಂದ ಸೂಕ್ಷ್ಮ ಅಳತೆ ತೋರಿಸುವ ಡಯಲ್ ಗೇಜ್ ಬೇಕೇ ಬೇಕು, ಕೈ ಅಂದಾಜು ನಡೆಯುವುದಿಲ್ಲ.

ಕೊನೆಗೆ ಸುಮಾರು ಒಂದೂವರೆ ಲೀಟರ್ 80ಡಬ್ಲ್ಯೂ-90 ಜಿಎಲ್-4 ದರ್ಜೆಯ ಗೇರ್ ಆಯಿಲ್ ಹಾಕಿ. ಸ್ವಲ್ಪ ಓಡಿಸಿದ ಮೇಲೆ ಪಕ್ಕದ ಗೇರ್ ಬಾಕ್ಸ್‌ನ ಮಟ್ಟವನ್ನೂ ನೋಡಿ. ಅಲ್ಲಿ ಇಳಿದು ಇಲ್ಲಿ ಏರಿದ್ದರೆ ಎರಡರ ನಡುವಿನ ಸೀಲ್ ಹೋಗಿದೆ ಎಂದರ್ಥ.