ಪರದೇಶದ ಪಂಕ್ತಿಯಲ್ಲಿ ಕುಳಿತಾಗ

ಕೆಲಸದ ಮೇಲೆ ಹೊರದೇಶಕ್ಕೆ ಹೊರಟವರು ಅಲ್ಲಿನ ಊಟೋಪಚಾರದ ಬಗ್ಗೆ ಕೇಳಿ ಬರೆದ ಪತ್ರಗಳಲ್ಲಿ ನಾಲ್ಕಕ್ಕೆ ಈ ಸಲ ಉತ್ತರಿಸಿದ್ದೇನೆ. ಮಂಗಳೂರಿನ ಗೇರುಬೀಜ ವ್ಯಾಪಾರದಲ್ಲಿ ಖರೀದಿ ಮತ್ತು ಮಾರಾಟದ ಕೆಲಸ ನೋಡಿಕೊಂಡು ಹಲವು ವರ್ಷ ಆಫ್ರಿಕಾ ಮತ್ತು ಏಷ್ಯಾದ ದೇಶಗಳನ್ನು ಸುತ್ತಿದವನಾದ್ದರಿಂದ, ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದು ಕಂಡು, ಉಂಡು ತಿಳಿದದ್ದು.

ಪ್ರಶ್ನೆ: ನಾನು ಮಣಿಪಾಲದ ಕಂಪೆನಿಯೊಂದರಲ್ಲಿ ಇಂಜಿನಿಯರ್. ಮೂರು ವಾರಗಳ ಕೆಲಸಕ್ಕೆ ಜಪಾನಿನ ಒಸಾಕಾಕ್ಕೆ ಹೋಗಬೇಕಾಗಿದೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಅಲ್ಲಿ ಕಚೇರಿಯವರೆಲ್ಲ ಸೇರಿ ರಾತ್ರಿ ಊಟಕ್ಕೆ ಕರೆಯುತ್ತಾರಂತೆ. ಅದು ಬೇಡ, ಇದು ಬೇಡ ಎಂದರೆ ಅವರಿಗೆ ಬೇಸರವಾಗುವುದಿಲ್ಲವೇ? ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಕೋಣೆಯಲ್ಲೇ ಉಣ್ಣುವುದು ಒಳ್ಳೆಯದೇ?
— ಓದುಗರು, ಉಡುಪಿ

ಉತ್ತರ: ಬಡಿಸಿದ ಮೇಲೆ ಬೇಡವೆಂದರೆ ಯಾವ ಊರಿನವರಿಗಾದರೂ ಬೇಸರವಾಗುತ್ತದೆ. ಹತ್ತು ದಿನ ಮೊದಲೇ ತಿಳಿಸಿದರೆ ಜಪಾನಿನವರು ಹೋಟೆಲಿಗೆ ಫೋನು ಮಾಡಿ, ಅಡುಗೆಯವರನ್ನು ವಿಚಾರಿಸಿ, ನಿಮಗಾಗಿ ಏನು ಮಾಡಿಸಬಹುದೆಂದು ಪಟ್ಟಿ ಮಾಡಿಕೊಂಡು ಬರುತ್ತಾರೆ. ಆದುದರಿಂದ ಟಿಕೇಟು ಆದ ದಿನವೇ ಅಲ್ಲಿನ ಸಹೋದ್ಯೋಗಿಗೆ ಬರೆಯಿರಿ. ಆದರೆ ಸಸ್ಯಾಹಾರಿ ಎಂಬ ಒಂದೇ ಪದ ಬರೆದು ಸುಮ್ಮನಾಗಬೇಡಿ, ಏಕೆಂದರೆ ಅಲ್ಲಿಯ ತೊಡಕು ತಟ್ಟೆಯಲ್ಲಿ ಕಾಣುವ ಹೋಳುಗಳಲ್ಲಿಲ್ಲ, ಅದು ಸಾರಿನೊಳಗಿದೆ. ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಅದು ಮರದ ತುಂಡಿನಷ್ಟು ಗಟ್ಟಿಯಾದ ಮೇಲೆ ಕೀಸುಳಿಯಲ್ಲಿ ಹೆರೆದ ಹಾಗೆ ತೆಳ್ಳಗೆ ಹೆರೆದು, ಆ ಎಸಳುಗಳನ್ನು ಬಿಸಿನೀರಿಗೆ ಹಾಕಿ ಸೋಸಿ ತೆಗೆದ ರಸಕ್ಕೆ ದಾಶಿ ಎನ್ನುತ್ತಾರೆ. ನಾವು ಸಾರಿಗೆ ಬೇಳೆಯ ಕಟ್ಟು ಹಾಕುವಷ್ಟೇ ಸಹಜವಾಗಿ ಅವರು ಅದನ್ನು ಮಿಸೊ ಸೂಪಿಗೆ, ಉದೊನ್ ಶ್ಯಾವಿಗೆಯ ರಸಕ್ಕೆ, ಬೇಯಿಸಿದ ತರಕಾರಿಗೆ ಹಾಕುತ್ತಾರೆ. ಮೀನಿನ ಹೋಳು ಇಲ್ಲದ ಸೂಪನ್ನು ನಿಮ್ಮ ಮುಂದಿಟ್ಟವರು ನಿಮ್ಮನ್ನು ಮೋಸಗೊಳಿಸಿದರೆಂದು ತಿಳಿಯಬಾರದು. ಅವರ ಮನಸ್ಸಿನಲ್ಲಿ ಅದರಲ್ಲಿ ಮೀನೇ ಇಲ್ಲ. ಮಾಂಸ, ಮೀನು, ಮೊಟ್ಟೆ, ಮೀನಿನಿಂದ ತೆಗೆದ ದಾಶಿ ಇವು ನಾಲ್ಕೂ ಸಲ್ಲವೆಂದು ಜಪಾನಿ ಭಾಷೆಯಲ್ಲಿ ಸಹೋದ್ಯೋಗಿಯಿಂದಲೇ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಕೊಂಬು ಎಂಬ ಕಡಲಪಾಚಿಯಿಂದಲೂ ಒಣ ಅಣಬೆಯಿಂದಲೂ ದಾಶಿ ತೆಗೆಯುವ ಪದ್ಧತಿ ಅವರಲ್ಲಿದೆ ಎಂದು ತಿಳಿದಿದ್ದರೆ ಕೇಳುವುದಕ್ಕೂ ದಾರಿಯಾಗುತ್ತದೆ.

ಉಡುಪಿಯವರಾದ ನಿಮಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ ಬಿಡುವ ಮನೆಗೆ ಊಟಕ್ಕೆ ಕರೆಯುವ ಮೊದಲು ನಾವು 'ಈಗ ಯಾವ ವ್ರತ' ಎಂದು ಕೇಳಿಯೇ ಅಡುಗೆಗೆ ಇಳಿಯುತ್ತೇವೆ. ಹಾಗೆ ಕೇಳಿದವರ ಮೇಲೆ ಯಾರಿಗೂ ಸಿಟ್ಟು ಬಂದದ್ದನ್ನು ನಾನು ಕಂಡಿಲ್ಲ. ಒಸಾಕಾದಿಂದ ರೈಲಿನಲ್ಲಿ ಹೋಗಿಬರಬಹುದಾದ ಕೋಯಾ ಬೆಟ್ಟದ ಬೌದ್ಧ ದೇವಾಲಯಗಳಲ್ಲಿ ಶೋಜಿನ್ ರ್ಯೋರಿ ಎಂಬ ಊಟ ಬಡಿಸುತ್ತಾರೆ. ಅದರಲ್ಲಿ ಮಾಂಸ, ಮೀನು ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಸಲ್ಲವು. ಕೃಷ್ಣಮಠದ ಪಂಕ್ತಿಯಲ್ಲಿ ಉಂಡವರಿಗೆ ಆ ಅಡುಗೆಯ ಶಿಸ್ತು ಒಂದೇ ತುತ್ತಿಗೆ ಗುರುತು ಸಿಗುತ್ತದೆ. ಒಂದು ಭಾನುವಾರವನ್ನು ಅದಕ್ಕಾಗಿ ಮೀಸಲಿಡಿ.

ಅವಲಕ್ಕಿ ಖಂಡಿತ ಒಯ್ಯಿರಿ, ಬೆಳಗಿನ ಉಪಾಹಾರಕ್ಕೆ. ರಾತ್ರಿಯ ಊಟವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಅಲ್ಲಿ ಹಗಲಿನ ಸಭೆಯಲ್ಲಿ ಬಾಯಿ ಬಿಡದ ಹಿರಿಯ ಅಧಿಕಾರಿ ರಾತ್ರಿ ನಿಮ್ಮ ಲೋಟಕ್ಕೆ ತಾನೇ ಚಹಾ ಬಗ್ಗಿಸುತ್ತಾರೆ. ಅವರ ಲೋಟ ಬರಿದಾದಾಗ ನೀವು ಬಗ್ಗಿಸಬೇಕು, ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳುವ ವಾಡಿಕೆ ಅಲ್ಲಿಲ್ಲ. ಉಣ್ಣುವ ಮೊದಲು ಕೈಜೋಡಿಸಿ 'ಇತಾದಾಕಿಮಾಸು' ಎನ್ನುತ್ತಾರೆ, ಕೊಟ್ಟದ್ದನ್ನು ವಿನಯದಿಂದ ಸ್ವೀಕರಿಸುತ್ತೇನೆ ಎಂಬ ಅರ್ಥದಲ್ಲಿ. ಅನ್ನದ ಬಟ್ಟಲಲ್ಲಿ ಕಡ್ಡಿಗಳನ್ನು ನೆಟ್ಟಗೆ ಊರಿ ಇಡಬಾರದು, ಸತ್ತವರಿಗೆ ಅನ್ನ ಇಡುವ ಕ್ರಮ ಅದು. ಕಡ್ಡಿಯಿಂದ ಕಡ್ಡಿಗೆ ತಿಂಡಿ ದಾಟಿಸುವುದೂ ಕೂಡದು. ದಹನದ ಬಳಿಕ ಮನೆಯವರು ಅಸ್ಥಿಯನ್ನು ಹಾಗೆ ಎತ್ತಿ ಕೊಡುತ್ತಾರೆ.

ಪ್ರಶ್ನೆ: ಬೈಕಂಪಾಡಿಯ ಗೇರುಬೀಜ ಸಂಸ್ಥೆಯೊಂದರಲ್ಲಿ ನಾನು ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಫೆಬ್ರುವರಿಯಲ್ಲಿ ನನ್ನನ್ನು ಐವರಿ ಕೋಸ್ಟಿಗೆ ಕಳುಹಿಸುತ್ತಾರೆ. ಹಳ್ಳಿಗಳಿಗೆ ಮಾಲು ನೋಡಲು ಹೋದರೆ ಉಣ್ಣಿಸದೆ ಬಿಡುವುದಿಲ್ಲವೆಂದು ಹೇಳುತ್ತಾರೆ. ಮಾರುವವರ ಮನೆಯಲ್ಲಿ ಉಂಡು, ಕೈ ತೊಳೆದು, ಅವರೊಡನೆಯೇ ದರಕ್ಕೆ ಚೌಕಾಸಿ ಮಾಡುವುದು ಹೇಗೆ? ನೀರು, ಊಟದ ವಿಷಯದಲ್ಲಿ ಹೊಟ್ಟೆಯ ಭಯವೂ ಇದೆ.
— ಓದುಗರು, ಸುರತ್ಕಲ್

ಉತ್ತರ: ಹೊಟ್ಟೆಯ ಭಯಕ್ಕೆ ಮೊದಲು ಹಳದಿ ಜ್ವರದ ಲಸಿಕೆಯನ್ನು ಹೊರಡುವ ದಿನಕ್ಕಿಂತ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡು ಅದರ ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜೊತೆಯಲ್ಲೇ ಇಟ್ಟುಕೊಳ್ಳಿ. ಅದಿಲ್ಲದೆ ಅಲ್ಲಿಗೆ ಪ್ರವೇಶವಿಲ್ಲ, ಹಿಂದಿರುಗುವಾಗ ನಮ್ಮಲ್ಲೂ ತಡೆಯುತ್ತಾರೆ. ಮಲೇರಿಯಾದ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ.

ನೀರಿನ ಭಯದಿಂದ ನಾನು ಮಾಡಿದ ತಪ್ಪನ್ನು ನಿಮಗೆ ಹೇಳಲೇಬೇಕು. ಮೊದಲ ಸಲ ಉತ್ತರದ ಕೊರೊಗೊ ಕಡೆಯ ಹಳ್ಳಿಯೊಂದಕ್ಕೆ ಹೋದಾಗ, ಊರ ಹಿರಿಯರ ಅಂಗಳದಲ್ಲಿ ಮಾವಿನ ಮರದ ಕೆಳಗೆ ಬೆಂಚು ಹಾಕಿ ಕೂರಿಸಿದರು. ಒಬ್ಬ ಹೆಣ್ಣುಮಗಳು ಸ್ಟೀಲಿನ ಬಟ್ಟಲಲ್ಲಿ ನೀರು ತಂದು ಎರಡೂ ಕೈಯಿಂದ ಚಾಚಿದಳು. ನಾನು ಚೀಲದಲ್ಲಿದ್ದ ಬಾಟಲಿಯನ್ನು ತೋರಿಸಿ, ನಕ್ಕು, ತಲೆಯಲ್ಲಾಡಿಸಿದೆ. ಆಕೆ ಬಟ್ಟಲನ್ನು ಹಿಡಿದುಕೊಂಡೇ ಹಿರಿಯರ ಮುಖ ನೋಡಿದಳು. ಆಮೇಲೆ ಯಾರೂ ಮಾತಾಡಲಿಲ್ಲ. ಬಿಸಿಲು ಏರುತ್ತಿತ್ತು, ಚೀಲಗಳು ಎದುರಿಗೇ ಇದ್ದವು, ಮಾತು ಮಾತ್ರ ಮುಂದೆ ಹೋಗಲಿಲ್ಲ. ಹಿಂದಿರುಗುವ ದಾರಿಯಲ್ಲಿ ನಮ್ಮ ಸ್ಥಳೀಯ ಜೊತೆಗಾರರು ವಿಷಯ ಬಿಡಿಸಿ ಹೇಳಿದರು. ಅಲ್ಲಿ ಬಂದವರಿಗೆ ಮೊದಲು ನೀರು ಕೊಡುತ್ತಾರೆ, ಅವರು ಕುಡಿದ ಮೇಲೆ 'ಏನು ಸಮಾಚಾರ' ಎಂದು ಕ್ರಮವಾಗಿ ಕೇಳುತ್ತಾರೆ, ಬಂದವರು ತಾವು ಯಾರು, ದಾರಿ ಹೇಗಿತ್ತು, ಯಾತಕ್ಕಾಗಿ ಬಂದೆವು ಎಂದು ಹೇಳುತ್ತಾರೆ. ನೀರು ಮುಟ್ಟದವರನ್ನು ಸಮಾಚಾರ ಕೇಳುವುದು ಹೇಗೆ?

ಅಂದು ನನಗೆ ಅಜ್ಜಿಯ ನೆನಪಾಗಿ ನಾಚಿಕೆಯಾಯಿತು. ನಮ್ಮ ಮನೆಯ ಚಾವಡಿಗೆ ಯಾರೇ ಬಂದರೂ, ಗೇಣಿ ಕೊಡಲು ಬಂದವರಾಗಲಿ, ಮದುವೆಯ ಕಾಗದ ಹಿಡಿದು ಬಂದವರಾಗಲಿ, ಅಜ್ಜಿ ಮೊದಲು ತಟ್ಟೆಯಲ್ಲಿ ಬೆಲ್ಲದ ತುಂಡು, ತಂಬಿಗೆಯಲ್ಲಿ ನೀರು ತಂದಿಡುತ್ತಿದ್ದರು. ಬೆಲ್ಲ-ನೀರು ಆಗುವ ತನಕ ಬಂದ ಕೆಲಸವನ್ನು ಕೇಳುವುದು ಅಸಭ್ಯತನ ಎಂದು ನನಗೆ ಕಲಿಸಿದ್ದವರೂ ಅವರೇ. ಅದನ್ನೇ ಇನ್ನೊಂದು ಊರಿನಲ್ಲಿ ಎದುರಿಗೆ ಹಿಡಿದಾಗ ನಾನು ಗುರುತಿಸದೆ ಹೋದೆ. ನೀವು ಹಾಗೆ ಮಾಡಬೇಡಿ. ಬಟ್ಟಲನ್ನು ಎರಡೂ ಕೈಯಿಂದ ತೆಗೆದುಕೊಳ್ಳಿ, ತುಟಿಗೆ ತಾಗಿಸಿ, ಧನ್ಯವಾದ ಹೇಳಿ ಪಕ್ಕದವರಿಗೆ ದಾಟಿಸಿ. ಅಷ್ಟು ಸಾಕು. ಬಾಯಾರಿಕೆಗೆ ನಿಮ್ಮ ಬಾಟಲಿಯ ನೀರನ್ನು ಬಳಿಕ ಕುಡಿಯಬಹುದು.

ಊಟದ ಬಗ್ಗೆ ನಿಮಗೆ ಹೆದರಿಕೆ ಬೇಡ, ಕರಾವಳಿಯವರ ನಾಲಗೆಗೆ ಅದು ಬೇಗ ಹಿಡಿಸುತ್ತದೆ. ಅತ್ತಿಯೆಕೆ ಎಂಬುದು ಅಲ್ಲಿನ ಮುಖ್ಯ ಆಹಾರಗಳಲ್ಲೊಂದು. ಮರಗೆಣಸನ್ನು ಅರೆದು, ಹುಳಿ ಬರಿಸಿ, ಹಿಂಡಿ ನೀರು ತೆಗೆದು, ಕಾಳು ಕಾಳಾಗಿ ಉದುರಿಸಿ ಹಬೆಯಲ್ಲಿ ಬೇಯಿಸುತ್ತಾರೆ. ನೋಡಲು ನಮ್ಮ ಸಜ್ಜಿಗೆಯಂತಿದ್ದು, ಬಾಯಲ್ಲಿ ಸಣ್ಣ ಹುಳಿ ಉಳಿಯುತ್ತದೆ. ಇದನ್ನು ತಯಾರಿಸುವ ಕೌಶಲವನ್ನು ಯುನೆಸ್ಕೊ 2024ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಜೊತೆಗೆ ಹುರಿದ ಮೀನು, ಹೆಚ್ಚಿದ ಈರುಳ್ಳಿ, ಟೊಮೆಟೊ, ಖಾರದ ಮೆಣಸು ಇರುತ್ತದೆ. ಹಣ್ಣಾದ ದೊಡ್ಡ ಬಾಳೆಯನ್ನು ತುಂಡು ಮಾಡಿ ಎಣ್ಣೆಯಲ್ಲಿ ಕರಿದ ಅಲೊಕೊವನ್ನು ತಿಂದಾಗ ನಮ್ಮ ಬಾಳೆಹಣ್ಣಿನ ಪೋಡಿಯ ನೆನಪಾಗದೆ ಇರದು. ಬಿಸಿಯಾಗಿ ಬೆಂದದ್ದನ್ನು, ಸಿಪ್ಪೆ ಸುಲಿದು ತಿನ್ನುವ ಹಣ್ಣನ್ನು ಧೈರ್ಯದಿಂದ ತಿನ್ನಿ, ಹಸಿ ತರಕಾರಿಯನ್ನು ಬದಿಗಿಡಿ. ಕಾಡುಪ್ರಾಣಿಯ ಮಾಂಸವನ್ನು ಮಾತ್ರ ನಮ್ಮ ಮನೆಯಲ್ಲಿ ತಿನ್ನುವ ಪದ್ಧತಿಯಿಲ್ಲವೆಂದು ಹೇಳಿ ಬಿಟ್ಟುಬಿಡಿ. ಮನೆಯ ಪದ್ಧತಿ ಎಂಬ ಕಾರಣವನ್ನು ಅಲ್ಲಿಯವರು ಗೌರವಿಸುತ್ತಾರೆ. ಊಟಕ್ಕೆ ಮೊದಲು ಕೈ ತೊಳೆಯಲು ಹೂಜಿಯಿಂದ ನೀರೆರೆಯುತ್ತಾರೆ. ಬಲಗೈಯಲ್ಲಿ, ಒಂದೇ ತಟ್ಟೆಯಿಂದ, ತನ್ನ ಮುಂದಿನ ಭಾಗವನ್ನಷ್ಟೇ ಉಣ್ಣುವುದು ರೂಢಿ.

ಇನ್ನು ದಾಕ್ಷಿಣ್ಯದ ಮಾತು. ಉಪ್ಪು ಉಂಡ ಮನೆ ಎಂಬ ಭಾವನೆ ನಿಮಗಿರುವುದೇ ನನಗೆ ಸಂತೋಷದ ಸಂಗತಿ. ಅದನ್ನು ಕಳೆದುಕೊಳ್ಳದೆ ವ್ಯಾಪಾರ ಮಾಡಲು ಒಂದು ಕ್ರಮವಿದೆ, ಊಟಕ್ಕೆ ಏಳುವ ಮೊದಲೇ ಬೀಜ ಕತ್ತರಿಸಿ ನೋಡುವುದು. ಬೇರೆ ಬೇರೆ ಚೀಲಗಳಿಂದ ಮಾದರಿ ತೆಗೆದು, ಬೆರೆಸಿ, ಒಂದು ಕಿಲೊ ತೂಗಿ, ಅದರಲ್ಲಿ ಎಷ್ಟು ಬೀಜ ಬಂತೆಂದು ಎಣಿಸಿ, ಒಂದೊಂದನ್ನೂ ಎರಡು ಹೋಳು ಮಾಡಿ, ಒಳ್ಳೆಯ ತಿರುಳನ್ನೂ ಕಲೆ ಬಿದ್ದದ್ದನ್ನೂ ಪೊಳ್ಳನ್ನೂ ಬೇರೆ ಬೇರೆ ಗುಡ್ಡೆ ಹಾಕುತ್ತೇವಷ್ಟೆ. ಅದನ್ನು ಮನೆಯವರ ಎದುರಿಗೇ, ಅವರ ಜಗಲಿಯಲ್ಲೇ ಮಾಡಿ, ಪೊಳ್ಳು ಬೀಜವನ್ನು ಅವರ ಕೈಗೇ ಕೊಡಿ. 80 ಕಿಲೊ ಚೀಲಕ್ಕೆ 46 ಪೌಂಡು ತಿರುಳೋ 48 ಪೌಂಡೋ ಎಂಬುದು ಇಬ್ಬರಿಗೂ ಕಂಡ ಮೇಲೆ ದರದ ಮಾತಿನಲ್ಲಿ ಮುಖ ನೋಡುವ ಪ್ರಮೇಯವೇ ಬರುವುದಿಲ್ಲ. ರೈತರಿಗೆ ಸಲ್ಲಬೇಕಾದ ಕನಿಷ್ಠ ದರವನ್ನು ಅಲ್ಲಿಯ ಸರಕಾರ ಹಂಗಾಮು ಹಂಗಾಮಿಗೆ ಪ್ರಕಟಿಸುತ್ತದೆ. ಅದಕ್ಕಿಂತ ಕೆಳಗೆ ಇಳಿಯುವ ಯೋಚನೆಯನ್ನೇ ಮಾಡಬೇಡಿ, ಉಂಡಿರಲಿ ಉಣ್ಣದಿರಲಿ. ನಮ್ಮ ಕಾರ್ಖಾನೆಗಳು ವರ್ಷವಿಡೀ ನಡೆಯುವುದು ಅವರು ಹೆಕ್ಕಿ ಒಣಗಿಸಿದ ಬೀಜದಿಂದ ಎಂಬುದನ್ನು ಪಣಂಬೂರಿನ ಬಂದರು ನೋಡಿ ಬೆಳೆದ ನೀವು ಬಲ್ಲಿರಿ.

ಪ್ರಶ್ನೆ: ಲೆಕ್ಕಪರಿಶೋಧನೆಯ ಕೆಲಸಕ್ಕೆ ಮಸ್ಕತ್ತಿಗೆ ಹೋಗಿದ್ದೆ. ಕಚೇರಿಯಲ್ಲಿ ಪುಟ್ಟ ಲೋಟದಲ್ಲಿ ಕಾಫಿ ಕೊಟ್ಟರು. ಕುಡಿದು ಮುಗಿಸಿದಂತೆಲ್ಲ ಮತ್ತೆ ತುಂಬಿಸುತ್ತಿದ್ದರು. ಆರು ಲೋಟವಾಯಿತು, ಬೇಡವೆನ್ನಲು ತಿಳಿಯಲಿಲ್ಲ. ಮುಂದಿನ ಸಲ ಏನು ಮಾಡಲಿ?
— ಓದುಗರು, ಕದ್ರಿ, ಮಂಗಳೂರು

ಉತ್ತರ: ಬರಿದಾದ ಲೋಟವನ್ನು ಬಲಗೈಯ ಬೆರಳುಗಳಲ್ಲಿ ಹಿಡಿದು ಅತ್ತಿತ್ತ ಮೆಲ್ಲನೆ ಅಲ್ಲಾಡಿಸಿ ಹಿಂದಕ್ಕೆ ಕೊಡಿ. ನಾವು ಎಲೆಯ ಮೇಲೆ ಕೈ ಅಡ್ಡ ಹಿಡಿದ ಹಾಗೆ ಅದು. ಅಲ್ಲಾಡಿಸದೆ ಚಾಚಿದರೆ ಇನ್ನೂ ಬೇಕೆಂದು ಅರ್ಥ. ಲೋಟವನ್ನು ತುಂಬ ತುಂಬಿಸದೆ ತಳಕ್ಕೆ ಸ್ವಲ್ಪವೇ ಸುರಿಯುವುದರಲ್ಲಿ ಜಿಪುಣತನವಿಲ್ಲ, ಬಿಸಿಯಾಗಿರುವಾಗಲೇ ಮುಗಿಯಲಿ, ಮತ್ತೆ ಸುರಿಯುವ ಅವಕಾಶ ಇರಲಿ ಎಂಬ ಕಾಳಜಿಯಿದೆ. ಒಂದರಿಂದ ಮೂರು ಲೋಟ ಕುಡಿದರೆ ಮರ್ಯಾದೆ ಸಂದಂತೆಯೇ. ಏಲಕ್ಕಿಯ ಪರಿಮಳದ, ಸಕ್ಕರೆಯಿಲ್ಲದ ಆ ಕಾಫಿಗೆ ಜೊತೆಯಲ್ಲಿಟ್ಟ ಖರ್ಜೂರವೇ ಸಿಹಿ. ರಂಜಾನ್ ತಿಂಗಳಲ್ಲಿ ಹೋಗಬೇಕಾಗಿ ಬಂದರೆ ಹಗಲು ನಾಲ್ಕು ಜನರೆದುರು ನೀರನ್ನೂ ಕುಡಿಯಬೇಡಿ, ಸಂಜೆಯ ಇಫ್ತಾರಿಗೆ ಕರೆದರೆ ತಪ್ಪಿಸಬೇಡಿ.

ಪ್ರಶ್ನೆ: ಕೆಲಸದ ಮೇಲೆ ಪರದೇಶಕ್ಕೆ ಹೋಗುವಾಗ ಮನೆಗೆ ಕರೆದವರಿಗಾಗಿ ನಮ್ಮ ಕಡೆಯಿಂದ ಏನನ್ನು ಒಯ್ಯಬಹುದು?
— ಓದುಗರು, ಕುಂದಾಪುರ

ಉತ್ತರ: ಏನನ್ನು ಒಯ್ಯಬಾರದೆಂದು ಮೊದಲು ತಿಳಿದುಕೊಳ್ಳಿ. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ತರುವಂತಿಲ್ಲವಾದ್ದರಿಂದ ಪೇಡದ ಡಬ್ಬಿ ಬೇಡ. ಆಸ್ಟ್ರೇಲಿಯಾಕ್ಕೆ ಯಾವ ತಿನಿಸನ್ನು ಒಯ್ದರೂ ಇಳಿಯುವಾಗ ಕೊಡುವ ಚೀಟಿಯಲ್ಲಿ ಬರೆಯಲೇಬೇಕು. ದುಬೈ, ಅಬುಧಾಬಿಗಳಿಗೆ ಪಾಯಸಕ್ಕೆಂದು ಗಸಗಸೆಯನ್ನೋ ಊಟದ ಬಳಿಕಕ್ಕೆಂದು ವೀಳ್ಯದೆಲೆಯನ್ನೋ ಕಟ್ಟಿಕೊಂಡು ಹೋಗಿ ನಿಲ್ದಾಣದಲ್ಲಿ ಕಷ್ಟಕ್ಕೆ ಸಿಲುಕಬೇಡಿ, ಅಲ್ಲಿ ಎರಡಕ್ಕೂ ನಿಷೇಧವಿದೆ. ಜಪಾನಿನ ಕಚೇರಿಗಾದರೆ ಒಂದೊಂದಾಗಿ ಕಾಗದ ಸುತ್ತಿದ ಸಿಹಿಯನ್ನು ಎಲ್ಲರಿಗೂ ಸಾಲುವಷ್ಟು ಒಯ್ದು ಎರಡೂ ಕೈಯಿಂದ ಕೊಡಿ. ನಾಲ್ಕರ ಎಣಿಕೆಯಲ್ಲಿ ಮಾತ್ರ ಏನನ್ನೂ ಕೊಡಬೇಡಿ, ಅವರ ಭಾಷೆಯಲ್ಲಿ ನಾಲ್ಕು ಎಂಬುದರ ಒಂದು ಉಚ್ಚಾರಣೆ ಸಾವು ಎಂಬ ಪದವನ್ನೇ ಹೋಲುತ್ತದೆ. ತಿನಿಸೇ ಬೇಡವೆಂದಾದರೆ ಉಡುಪಿಯ ಕೈಮಗ್ಗದ ಬಟ್ಟೆಯಿದೆ, ಹಗುರ, ಒಗೆದಷ್ಟೂ ಮೃದುವಾಗುತ್ತದೆ, ನೇಯ್ದವರ ಕೈಗೂ ನಾಲ್ಕು ಕಾಸು ಸೇರುತ್ತದೆ.

ನಾನು ಒಯ್ದವುಗಳಲ್ಲಿ ಸಾರ್ಥಕವೆನಿಸಿದ್ದು ಅರ್ಧ ಕಿಲೊ ಹುರಿದ ಗೇರುಬೀಜ, ಕಾರ್ಖಾನೆಯಲ್ಲೇ ಸೀಲು ಮಾಡಿಸಿದ್ದು. ನೀರು ನಿರಾಕರಿಸಿದ್ದ ಆ ಹಳ್ಳಿಗೆ ಮರುವರ್ಷ ಹೋದಾಗ ಬಟ್ಟಲನ್ನು ಎರಡೂ ಕೈಯಿಂದ ತೆಗೆದುಕೊಂಡು ತುಟಿಗೆ ತಾಗಿಸಿದೆ. ಹಿರಿಯರು ಸಮಾಚಾರ ಕೇಳಿದರು. ಕಳೆದ ವರ್ಷ ನಿಮ್ಮ ಊರಿನಿಂದ ಹಡಗು ಹತ್ತಿದ ಬೀಜ ನಮ್ಮ ಊರಿನಲ್ಲಿ ಹೀಗಾಯಿತು ಎಂದು ಹೇಳಿ ಪೊಟ್ಟಣ ಬಿಚ್ಚಿದೆ. ಅವರು ಒಂದು ಬೀಜವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಎರಡಾಗಿ ಸೀಳಿದರು, ಒಂದು ಹೋಳನ್ನು ನೀರು ತಂದ ಹೆಣ್ಣುಮಗಳಿಗೆ ಕೊಟ್ಟು ಇನ್ನೊಂದನ್ನು ಬಾಯಿಗೆ ಹಾಕಿಕೊಂಡರು.