ಪಿಟ್ಯುಟರಿ ಗಡ್ಡೆಯಲ್ಲಿ ‘ಕ್ಯಾನ್ಸರ್ ಜೀನ್’ ಅಂದರೆ ಕ್ಯಾನ್ಸರ್ ಎಂದೇ ಅರ್ಥವೇ?

ಉಡುಪಿಯಲ್ಲಿರುವ ನಿಮ್ಮ ಅಣ್ಣನಿಗೆ 42 ವರ್ಷ, ಎಂಆರ್‌ಐಯಲ್ಲಿ 14 ಮಿ.ಮೀ. ಪಿಟ್ಯುಟರಿ (ಮಿದುಳಿನ ಬುಡದಲ್ಲಿರುವ ಹಾರ್ಮೋನ್ ಗ್ರಂಥಿ) ಗಡ್ಡೆ, ಗ್ರೋತ್ ಹಾರ್ಮೋನ್ ಜಾಸ್ತಿ. ಅದು ಜಾಸ್ತಿಯಾಗಿ ಮೂಗು, ದವಡೆ, ನಾಲಿಗೆ ದಪ್ಪವಾಗುವ ಈ ಕಾಯಿಲೆಗೆ ಅಕ್ರೊಮೆಗಲಿ ಎನ್ನುತ್ತಾರೆ. ‘ಜಿಎನ್‌ಎಎಸ್ ಎಂಬ ಆಂಕೊಜೀನ್’ ಅಂತ ಎಲ್ಲೋ ಓದಿ, ಇದು ಕ್ಯಾನ್ಸರಾ, ಮಕ್ಕಳಿಗೂ ಬರುತ್ತದಾ, ರಕ್ತದಲ್ಲಿ ಜೀನ್ ಟೆಸ್ಟ್ ಮಾಡಿಸಬೇಕಾ ಎಂದು ಕೇಳಿದ್ದೀರಿ.

ಮೊದಲು ಧೈರ್ಯ ತಂದುಕೊಳ್ಳಿ. ದೇಹದ ಬೇರೆ ಕಡೆಗೆ ಹರಡುವ ಪಿಟ್ಯುಟರಿ ಗಡ್ಡೆ ನೂರರಲ್ಲಿ ಒಂದೂ ಇಲ್ಲ. ಆಂಕೊಜೀನ್ ಎಂದರೆ ಜೀವಕೋಶಕ್ಕೆ ‘ಬೆಳೆ’ ಎಂದು ಹೇಳುತ್ತಲೇ ಇರುವ ಕೆಟ್ಟ ಜೀನ್. ಅದೊಂದೇ ಇದ್ದರೆ ಕ್ಯಾನ್ಸರ್ ಆಗಿಬಿಡುವುದಿಲ್ಲ.

ಜಿಎನ್‌ಎಎಸ್ ತಯಾರಿಸುವ ಪ್ರೋಟೀನನ್ನು ಅಡಿಕೆ ತೋಟದ ಪಂಪಿನ ಟೈಮರ್ ಎಂದುಕೊಳ್ಳಿ. ಮಿದುಳಿನಿಂದ ಸೂಚನೆ ಬಂದಾಗ ಅದು ಜಿಟಿಪಿ ಎಂಬ ಅಣುವನ್ನು ಹಿಡಿದು ಆನ್ ಆಗುತ್ತದೆ, ಆಮೇಲೆ ತಾನೇ ಜಿಟಿಪಿಯನ್ನು ಒಡೆದು ಆಫ್ ಆಗುತ್ತದೆ. ಪ್ರೋಟೀನಿನ 201 ಅಥವಾ 227ನೇ ಅಮೈನೊ ಆಮ್ಲ ಬದಲಾದರೆ ಒಡೆಯುವ ಶಕ್ತಿಯೇ ಹೋಗುತ್ತದೆ. ಸೂಚನೆ ಇಲ್ಲದಿದ್ದರೂ ಪಂಪು ಓಡುತ್ತದೆ: ಕೋಶದೊಳಗೆ ಸೂಚನೆ ಸಾಗಿಸುವ ಸಿಎಎಂಪಿ ಎಂಬ ಅಣು ಏರಿಯೇ ಇರುತ್ತದೆ, ಕೋಶ ಹೆಚ್ಚುತ್ತದೆ, ಹಾರ್ಮೋನ್ ಸುರಿಯುತ್ತದೆ. 1989ರಲ್ಲಿ ಪತ್ತೆಯಾದ ಈ ಬದಲಾವಣೆ ಗ್ರೋತ್ ಹಾರ್ಮೋನ್ ಸುರಿಸುವ ಗಡ್ಡೆಗಳಲ್ಲಿ ಸುಮಾರು 40 ಶೇಕಡದಲ್ಲಿ ಸಿಗುತ್ತದೆ. ಕುಶಿಂಗ್ ಕಾಯಿಲೆಯ (ಪಿಟ್ಯುಟರಿ ಗಡ್ಡೆಯಿಂದ ಕಾರ್ಟಿಸಾಲ್ ಹಾರ್ಮೋನ್ ಜಾಸ್ತಿಯಾಗುವುದು) ಹಲವು ಗಡ್ಡೆಗಳಲ್ಲಿ ಯುಎಸ್‌ಪಿ8 ಎಂಬ ಬೇರೆ ಜೀನ್ ಕೆಡುತ್ತದೆ (2015ರಲ್ಲಿ ತಿಳಿದದ್ದು). ಬೇರೆ ಕ್ಯಾನ್ಸರ್‌ಗಳಲ್ಲಿ ಹೆಸರುವಾಸಿಯಾದ ರಾಸ್ ಎಂಬ ಆಂಕೊಜೀನ್ ಇಲ್ಲಿ ಬಲು ಅಪರೂಪ.

ಈ ಬದಲಾವಣೆ ಆಗುವುದು ಗ್ರಂಥಿಯ ಒಂದು ಕೋಶದಲ್ಲಿ, ಆ ಕೋಶದ ಸಂತತಿಯೇ ಗಡ್ಡೆ. ವೀರ್ಯದಲ್ಲಿ ಇಲ್ಲದ್ದು ಮಕ್ಕಳಿಗೆ ಹೋಗುವುದಿಲ್ಲ. ಅದಕ್ಕೇ ರಕ್ತದಲ್ಲಿ ಜಿಎನ್‌ಎಎಸ್ ನೋಡಿಸಿದರೆ ‘ನಾರ್ಮಲ್’ ಎಂದೇ ಬರುತ್ತದೆ, ದುಡ್ಡು ದಂಡ. ವಂಶದಲ್ಲಿ ಬರುವವು ಬೇರೆ ಜೀನ್‌ಗಳ ದೋಷಗಳು: ಎಐಪಿ, ಎಂಇಎನ್1. 30 ವರ್ಷದೊಳಗೆ ದೊಡ್ಡ ಗಡ್ಡೆ, ಮನೆಯಲ್ಲಿ ಇನ್ನೊಬ್ಬರಿಗೂ ಪಿಟ್ಯುಟರಿ ಗಡ್ಡೆ, ಅಥವಾ ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಮಾತ್ರ ಆ ಪರೀಕ್ಷೆ ಕೇಳಿ.

ಈಗ ಬೇಕಾದದ್ದು ಐಜಿಎಫ್-1 (ಗ್ರೋತ್ ಹಾರ್ಮೋನಿನ ಪ್ರಭಾವದಿಂದ ರಕ್ತದಲ್ಲಿ ಏರುವ ಹಾರ್ಮೋನ್) ಪರೀಕ್ಷೆ, ವಯಸ್ಸಿಗೆ ತಕ್ಕ ಮಿತಿ ನಮೂದಿಸಿದ ರಿಪೋರ್ಟು. ಸಂಶಯ ಉಳಿದರೆ ಖಾಲಿ ಹೊಟ್ಟೆಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ, 2 ಗಂಟೆ ಕಾಲ ಅರ್ಧ ಗಂಟೆಗೊಮ್ಮೆ ಗ್ರೋತ್ ಹಾರ್ಮೋನ್ ನೋಡುತ್ತಾರೆ. ಸಹಜವಾಗಿದ್ದರೆ ಅದು ಒಂದು ಮಿ.ಲೀ.ಗೆ 1 ನ್ಯಾನೊಗ್ರಾಂಗಿಂತ ಕೆಳಗೆ ಇಳಿಯಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಒಂದೇ ಸಲದ ಗ್ರೋತ್ ಹಾರ್ಮೋನ್ ರಿಪೋರ್ಟನ್ನಂತೂ ನೆಚ್ಚಿಕೊಳ್ಳಬೇಡಿ, ಅದು ದಿನವಿಡೀ ಏರಿಳಿಯುತ್ತದೆ. ಹಳೆಯ ವೋಟರ್ ಐಡಿಯ ಫೋಟೊ ಜೊತೆಗಿರಲಿ. ಮೂಗು, ದವಡೆ ಯಾವಾಗಿನಿಂದ ದಪ್ಪವಾಯಿತು ಎಂಬುದನ್ನು ಅದು ಹೇಳುತ್ತದೆ.

ಮಂಗಳೂರಿನಲ್ಲೋ ಮಣಿಪಾಲದಲ್ಲೋ ಮೂಗಿನ ಮೂಲಕ ಆಪರೇಷನ್ ಆದ ಮೇಲೆ ಪೆಥಾಲಜಿ ರಿಪೋರ್ಟಿನಲ್ಲಿ ಗಡ್ಡೆಯ ಕೋಶದೊಳಗಿನ ಹಾರ್ಮೋನ್ ಕಣಗಳು ದಟ್ಟವೋ ವಿರಳವೋ ಎಂದು ಬರೆಸಿಕೊಳ್ಳಿ. ದಟ್ಟ ಕಣದ ಗಡ್ಡೆ ಗ್ರೋತ್ ಹಾರ್ಮೋನ್ ತಗ್ಗಿಸುವ ಆಕ್ಟ್ರಿಯೊಟೈಡ್ ಚುಚ್ಚುಮದ್ದಿಗೆ ಚೆನ್ನಾಗಿ ಬಗ್ಗುತ್ತದೆ, ವಿರಳ ಕಣದ್ದು ಅಷ್ಟಾಗಿ ಬಗ್ಗದು. ನನ್ನ ಲೆಕ್ಕದಲ್ಲಿ ಜೀನಿನ ಹೆಸರಿಗಿಂತ ಈ ಒಂದು ಸಾಲಿನ ಉಪಯೋಗ ಹೆಚ್ಚು. ಆಪರೇಷನ್ ಆಗಿ 12 ವಾರ ಕಳೆದು ಅದೇ ಲ್ಯಾಬಿನಲ್ಲಿ ಐಜಿಎಫ್-1 ಮತ್ತೆ ಮಾಡಿಸಿ; ಲ್ಯಾಬ್ ಬದಲಾದರೆ ಅಂಕಿಗಳು ಹೊಂದುವುದಿಲ್ಲ.

ಅಣ್ಣ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ಅನಸ್ತೇಶಿಯಾ ಡಾಕ್ಟರಿಗೆ ಮೊದಲೇ ಹೇಳಿ. ಈ ಕಾಯಿಲೆಯಲ್ಲಿ ನಾಲಿಗೆ ದಪ್ಪವಾಗಿ ಉಸಿರಿನ ಟ್ಯೂಬ್ ಹಾಕಲು ಕಷ್ಟವಾಗುತ್ತದೆ, ಅವರು ಅದಕ್ಕೆ ಬೇಕಾದ್ದನ್ನು ಸಿದ್ಧ ಮಾಡಿಟ್ಟುಕೊಳ್ಳಬೇಕು.