ಮಗನಿಗೆ ಈಮಾನ್ ಕಡಿಮೆಯಾಗಿಲ್ಲ

ಪ್ರಶ್ನೆ: ಮಗನಿಗೆ 13 ವರ್ಷ. ಹಾಸ್ಟೆಲ್‌ನಲ್ಲಿದ್ದು ಹಿಫ್ಳ್ (ಕುರ್‌ಆನ್ ಬಾಯಿಪಾಠ) ಕಲಿಯುತ್ತಿದ್ದಾನೆ. 11 ಜುಝ್ (ಭಾಗ) ಬಾಯಿಪಾಠ ಆಗಿದೆ. ಈಗ ಮುಂಜಾನೆಯ ಸುಬಹಿ ನಮಾಝಿಗೆ ಎದ್ದ ಕೂಡಲೇ ಹೊಟ್ಟೆನೋವು, ಕೈ ನಡುಕ. ಉಸ್ತಾದರ ಎದುರು ಕೂತರೆ ಬರುವ ಆಯತ್ತೂ (ಕುರ್‌ಆನ್ ವಾಕ್ಯ) ಮರೆತುಹೋಗುತ್ತದಂತೆ. ಮನೆಯವರು ಶೈತಾನನ ವಸ್ವಾಸ್ (ದುಷ್ಪ್ರೇರಣೆ) ಎನ್ನುತ್ತಾರೆ. ಅರ್ಧಕ್ಕೆ ನಿಲ್ಲಿಸಿದರೆ ಪಾಪ ಅಲ್ವಾ?
– ಒಬ್ಬ ತಾಯಿ, ದಕ್ಷಿಣ ಕನ್ನಡ

ಉತ್ತರ: ಮೊದಲು ಮಗನನ್ನು ಡಾಕ್ಟರಿಗೆ ತೋರಿಸಿ ಅಮ್ಮಾ. ನೀವು ಬರೆದದ್ದನ್ನು ನೋಡಿದರೆ ಇದು ಆತಂಕದ ಹಾಗೆ ಕಾಣುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ಎಷ್ಟೋ ಮಕ್ಕಳಿಗೂ ಹೀಗೇ ಆಗುತ್ತದೆ. ಅವರಿಗೆ ಯಾರೂ ಈಮಾನ್ (ದೇವರ ಮೇಲಿನ ವಿಶ್ವಾಸ) ಕಡಿಮೆ ಎನ್ನುವುದಿಲ್ಲ.

ಹಿಫ್ಳ್ ಎಂದರೆ ದಿನಾ ಹೊಸ ಸಬಕ್ (ಪಾಠ) ಒಪ್ಪಿಸಬೇಕು, ಹಳೆಯದನ್ನೂ ಬಿಡುವಂತಿಲ್ಲ. ಜುಝ್ ಹೆಚ್ಚಿದಷ್ಟೂ ತಿರುಗಿ ಓದುವುದೂ ಹೆಚ್ಚುತ್ತದೆ. 11 ಜುಝ್ ಮುಗಿಸಿದ ಹುಡುಗ ಈಗ ತಡವರಿಸಿದರೆ ಅದನ್ನು ಸೋಮಾರಿತನ ಎನ್ನಬೇಡಿ.

ಉಸ್ತಾದರ ಹತ್ತಿರ ನೀವೇ ಮಾತಾಡಿ. ಸ್ವಲ್ಪ ಕಾಲ ಹೊಸ ಸಬಕ್ ಬೇಡ, ಕಲಿತದ್ದನ್ನೇ ನಿಧಾನಕ್ಕೆ ಓದಿಸಿ ಎಂದು ಕೇಳಿ. ಇನ್ನೊಂದು ಮಾತು. ಮಗ ಒಬ್ಬನೇ ಇದ್ದಾಗ ಕೇಳಿ ನೋಡಿ, ಯಾರಾದರೂ ಹೊಡೆಯುತ್ತಾರಾ, ಹಾಸ್ಟೆಲ್‌ನಲ್ಲಿ ಯಾರಾದರೂ ಕಾಡುತ್ತಾರಾ ಅಂತ. ಹೌದು ಎಂದರೆ ನಂಬಿ. ಮತ್ತೆ ಅಲ್ಲಿಗೆ ಕಳಿಸಬೇಡಿ.

ಇನ್ನು ಪಾಪದ ಭಯ. ಕುರ್‌ಆನ್ ಪೂರ್ತಿ ಬಾಯಿಪಾಠ ಮಾಡುವುದು ಪ್ರತಿಯೊಬ್ಬರ ಮೇಲೂ ಫರ್ಳ್ (ಕಡ್ಡಾಯ) ಅಲ್ಲ. ಅದು ಇಳಿದದ್ದೇ 23 ವರ್ಷಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ. ತಡವರಿಸುತ್ತಾ ಕಷ್ಟಪಟ್ಟು ಓದುವವರಿಗೆ ಎರಡು ಪಟ್ಟು ಪ್ರತಿಫಲ ಎಂಬ ಹದೀಸ್ (ಪ್ರವಾದಿಯವರ ಮಾತು) ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಅದನ್ನು ಮಗನ ಕಿವಿಗೆ ಹಾಕಿ. ಮಗ ಯೂಸುಫರನ್ನು ಕಳೆದುಕೊಂಡ ದುಃಖಕ್ಕೆ ಪ್ರವಾದಿ ಯಅಕೂಬರ ಕಣ್ಣು ಬೆಳ್ಳಗಾದವು ಎಂದು ಕುರ್‌ಆನೇ ಹೇಳುತ್ತದೆ. ಪ್ರವಾದಿಗೇ ಮನಸ್ಸಿನ ನೋವು ಮೈಗೆ ಇಳಿದಿತ್ತು. ನಿಮ್ಮ ಮಗ ಇನ್ನೂ ಚಿಕ್ಕ ಹುಡುಗ.

ದುಆ (ಪ್ರಾರ್ಥನೆ) ಖಂಡಿತ ಮಾಡಿ. ಡಾಕ್ಟರ್ ಮದ್ದು ಬರೆದರೆ ಅದನ್ನೂ ಕೊಡಿ. ಮದ್ದಿಲ್ಲದ ಕಾಯಿಲೆಯನ್ನು ಅಲ್ಲಾಹು ಇಳಿಸಿಲ್ಲ ಎಂಬ ಹದೀಸ್ ನಿಮಗೂ ಗೊತ್ತಿರುತ್ತದೆ. ಯಾರನ್ನು ಕಾಣಬೇಕು ಎಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬದುಕುವುದೇ ಬೇಡ ಎಂಬಂಥ ಮಾತು ಮಗನ ಬಾಯಲ್ಲಿ ಬಂದರೆ ಮಾತ್ರ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ವಾರವೇ ಹೋಗಿ ಅವನನ್ನು ಮನೆಗೆ ಕರೆತನ್ನಿ. ಯಾಕೆ ಬಂದ ಎಂದು ಊರವರು ಕೇಳಿದರೆ ಹುಷಾರಿಲ್ಲ ಎನ್ನಿ. ಅದು ನಿಜ ತಾನೇ.